ಸಾಲಗುಂದಕ್ಕೆ ಹೋದ ಡೆನ್ಮಾರ್ಕ್ ಕುರ್ಚಿ

ಕಲಬುರಗಿಯಲ್ಲಿ ಬೆಳಗಿನ ಬಸ್ಸು ಹತ್ತುವಾಗ ನನ್ನ ಹೆಗಲಿಗೆ ಒಂದು ದೊಡ್ಡ ಚೀಲ, ಎದೆಗೆ ಅವಚಿಕೊಂಡ ಒಂದು ಕುರ್ಚಿ. ಕುರ್ಚಿಗೆ ಕೌದಿ ಸುತ್ತಿ ಹಗ್ಗ ಬಿಗಿದಿದ್ದೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ್ದರಿಂದ ಕಂಡಕ್ಟರ್ ನನಗೆ ಲಿಂಗಸುಗೂರಿನವರೆಗೆ ಶೂನ್ಯ ಟಿಕೆಟ್ ಕೊಟ್ಟ. ಆಮೇಲೆ ಕೌದಿಯ ಗಂಟನ್ನು ಮೇಲಿನಿಂದ ಕೆಳಗೆ ನೋಡಿ, "ಇದು ಹೆಣ್ಣಲ್ಲಲ್ರಿ ಅಕ್ಕಾರ, ಇದಕ್ಕ ಲಗೇಜ್ ಆಕೈತಿ" ಎಂದ. ಕೊಟ್ಟೆ. ಡೆನ್ಮಾರ್ಕಿನಿಂದ ಬಂದದ್ದು, ಪುಕ್ಕಟೆ ಓಡಾಡುವ ಜಾತಿಯದಲ್ಲ ಎಂದು ಅವನಿಗೆ ವಿವರಿಸಲು ಹೋದೆ. ಅವನು ಮುಂದಿನ ಸೀಟಿಗೆ ಹೋಗಿಬಿಟ್ಟಿದ್ದ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನನ್ನ ಓರಗೆಯವರು ಇಳಕಲ್ ಸೀರೆಗೆ ಮರುಳಾಗುವ ಹೊತ್ತಿನಲ್ಲಿ ನಾನು ಅರವತ್ತು ಎಪ್ಪತ್ತು ವರ್ಷ ಹಳೆಯ ಡೆನ್ಮಾರ್ಕಿನ ಮರದ ಸಾಮಾನಿಗೆ ಮರುಳಾದೆ. ಆ ಕಾಲದ ಅಲ್ಲಿನ ಬಡಗಿಗಳು ಸಾಗುವಾನಿಯನ್ನು ಬೆಣ್ಣೆಯ ಹಾಗೆ ತಿದ್ದುತ್ತಿದ್ದರು. ಮೊಳೆ ಕಾಣುವುದಿಲ್ಲ, ಕೆತ್ತನೆಯ ಆಡಂಬರವಿಲ್ಲ, ಕಾಲುಗಳು ಕೆಳಕ್ಕೆ ಹೋದಂತೆ ಸಪೂರವಾಗುತ್ತವೆ, ಆಸನವನ್ನು ಕಾಗದದ ಹುರಿಯಿಂದ ಹೆಣೆದಿರುತ್ತಾರೆ. ಅಂಥವುಗಳ ಮೇಲೆ ಯಾರನ್ನೂ ಕೂರಲು ಬಿಡುವುದು ಸಾಧ್ಯವೇ? ನಾನು ಬಿಡುವುದಿಲ್ಲ. "ನಮ್ಮ ಮನ್ಯಾಗ ಕುರ್ಚಿ ಹನ್ನೊಂದು ಅವ, ಕೂಡ್ಲಿಕ್ಕೆ ಮಾತ್ರ ಚಾಪಿ" ಎಂದು ನನ್ನ ಯಜಮಾನರು ಬಂದವರ ಎದುರಿಗೆಲ್ಲ ಹೇಳುತ್ತಾರೆ. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಈ ಕುರ್ಚಿ ಮಾತ್ರ ನನ್ನ ನಿದ್ದೆ ಕೆಡಿಸಿತ್ತು. ಸಿಂಧನೂರಿನ ಕಾಲುವೆ ಆಫೀಸಿನ ಹರಾಜಿನಿಂದ ಗುಜರಿ ಅಂಗಡಿಗೆ, ಅಲ್ಲಿಂದ ನನ್ನ ಮನೆಗೆ ಬಂದದ್ದು. ಆಸನದ ಅಡಿಯಲ್ಲಿ ಉಳಿಯಿಂದ ಎರಡು ಗೀರು ಹಾಕಿದ್ದರು. ಅಂದರೆ ಇದು ಜೋಡಿಯಲ್ಲಿ ಎರಡನೆಯದು, ಒಂದೇ ಗೀರಿನ ಮೊದಲನೆಯದು ಎಲ್ಲೋ ಇದೆ. ಒಂದೇ ಕಿವಿಗೆ ಓಲೆ ಹಾಕಿಕೊಂಡು ಓಡಾಡಿದ ಹಾಗೆ ನನಗೆ ಮುಜುಗರ. ಸಿಂಧನೂರಿನ ಸಹೋದ್ಯೋಗಿಯೊಬ್ಬಳು ಹುಡುಕಿ ಕೊಟ್ಟಳು: ಸಾಲಗುಂದದ ಮರಿಯಪ್ಪ ಮಾಸ್ತರ ಮನೆಯಲ್ಲಿ ಅಂಥದೇ ಒಂದಿದೆ. ಫೋನ್ ಮಾಡಿ, "ಎರಡನ್ನೂ ಅಕ್ಕಪಕ್ಕ ಇಟ್ಟು ಜೋಡಿ ಹೌದೋ ಅಲ್ಲವೋ ನೋಡೋಣ, ನನ್ನದನ್ನು ನಾನೇ ತರ್ತೀನಿ" ಎಂದೆ. "ತರ್ರಿ ಮೇಡಂ, ಐತವಾರನ ತರ್ರಿ. ಅವ್ವ ದಾರಿ ಕಾಯಾಕತ್ಯಾಳ" ಎಂದರು ಮಾಸ್ತರು. ಮಾರುವವರಿಗೆ ಇಷ್ಟು ಸಂಭ್ರಮವಿದ್ದರೆ ಕೊಳ್ಳುವವಳಿಗೆ ಇನ್ನೇನು ಬೇಕು? ಎರಡನೆಯ ಕುರ್ಚಿಗೆಂದು ಇನ್ನೊಂದು ಕೌದಿ, ಇನ್ನೊಂದು ಹಗ್ಗವನ್ನೂ ಚೀಲಕ್ಕೆ ತುಂಬಿಕೊಂಡೆ.

ತಿಂಥಣಿ ಸೇತುವೆಯ ಮೇಲೆ ಎಲ್ಲರೂ ಕೃಷ್ಣೆಯನ್ನು ನೋಡಿದರು, ನಾನು ಕುರ್ಚಿಯನ್ನು ನೋಡಿದೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದಾಗ ಜಾತ್ರೆಯಷ್ಟು ಜನ. ಕುರ್ಚಿಯನ್ನು ಡ್ರೈವರನ ಹಿಂದೆ ನಿಲ್ಲಿಸಿ ಲಗೇಜ್ ಟಿಕೆಟ್ ತೆಗೆಸಿದ್ದೇ ತಡ, ಮೆಣಸಿನಕಾಯಿ ಚೀಲ ಹೊತ್ತ ಹೆಂಗಸೊಬ್ಬಳು ಅದರ ಮೇಲೆ ಕುಳಿತೇಬಿಟ್ಟಳು.

"ಅಯ್ಯೋ, ಏಳವ್ವ, ಅದು ಸೀಟಲ್ಲ" ಎಂದೆ.

"ಟಿಕೆಟ್ ತಗಸೀರಿಲ್ಲೋ?"

"ತಗಸೀನಿ."

"ಟಿಕೆಟ್ ಇದ್ದಮ್ಯಾಲ ಸೀಟಲ್ದ ಇನ್ನೇನ್ರಿ?"

ಸುತ್ತಲಿನವರು ಅವಳ ಮಾತು ನ್ಯಾಯವಾದದ್ದೆಂದು ತಲೆದೂಗಿದರು. ಮಸ್ಕಿ ಬರುವವರೆಗೆ ಅವಳು ಕುಳಿತಿದ್ದಳು, ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದೆ.

ಮಸ್ಕಿಯಲ್ಲಿ ಹಸಿವು ತಡೆಯದೆ ಇಳಿದೆ. ಗುಡ್ಡದ ಬಂಡೆಗಳೆಲ್ಲ ಕಾದು ಕೆಂಡವಾಗಿದ್ದವು. ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತೆಗೆದುಕೊಂಡು ಕುರ್ಚಿಯ ಪಕ್ಕದಲ್ಲಿ ಬಿಸಿಲಿನಲ್ಲೇ ನಿಂತು ತಿಂದೆ. ಒಳಗೆ ಬೆಂಚು ಖಾಲಿ ಇರಲಿಲ್ಲ. ಹೋಟೆಲಿನ ಮಾಲೀಕ ಬಹಳ ಹೊತ್ತು ನನ್ನನ್ನು ನೋಡಿ ಕೊನೆಗೆ ಕೇಳಿಯೇಬಿಟ್ಟ.

"ಅಕ್ಕಾರ, ಹರಕಿ ಏನರ ಐತೇನ್ರಿ?"

"ಯಾಕಪ್ಪ?"

"ಕುರ್ಚಿ ಹೊತ್ಕೊಂಡು ತಿರುಗಾಕತ್ತೀರಿ, ಕುಂದ್ರಾಕ ಒಲ್ಲಿರಿ."

ಉತ್ತರ ಕೊಡಬೇಕೆಂದರೆ ಡೆನ್ಮಾರ್ಕಿನಿಂದ ಶುರು ಮಾಡಬೇಕು. ಮಿರ್ಚಿ ಖಾರವಾಗಿದೆ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಮಸ್ಕಿ ದಾಟಿ ಸಿಂಧನೂರು ಸಮೀಪಿಸಿದಂತೆ ಕಪ್ಪು ಬಯಲು ಹಿಂದೆ ಸರಿದು ಹಸಿರು ಗದ್ದೆ, ಕಾಲುವೆ, ಅಕ್ಕಿ ಗಿರಣಿಗಳು ಬಂದವು. ಸಿಂಧನೂರಿನಿಂದ ಸಾಲಗುಂದಕ್ಕೆ ಆಟೋ ಹಿಡಿದೆ. ಮಾಸ್ತರ ಮನೆಯ ಮುಂದೆ ಆಟೋ ನಿಂತಾಗ ಅಂಗಳದ ತುಂಬ ಜನ. ಒಳಗೆ ಬುದ್ಧನ ಪಟಕ್ಕೆ ಹೊಸ ಹೂವಿನ ಹಾರ. "ಬಂತು, ಬಂತು" ಎಂದು ಯಾರೋ ಕೂಗಿದರು. ನಾಲ್ಕಾರು ಜನ ಬಂದು ನನ್ನ ಕೈಯಿಂದ ಕುರ್ಚಿ ಇಸಿದುಕೊಂಡು ಹಗ್ಗ ಬಿಚ್ಚಿದರು. ಮಾಸ್ತರ ತಾಯಿ ದುರುಗಮ್ಮ ಕೋಲೂರಿಕೊಂಡು ಬಂದು, "ಬಂದೆಲ್ಲ ನಮ್ಮವ್ವ, ಎಷ್ಟ್ ವರ್ಷ ಆತು" ಎಂದಳು. ನಾನು ಕೈಮುಗಿದು, ನಾವು ಹಿಂದೆ ಎಲ್ಲಿ ಭೇಟಿಯಾಗಿದ್ದೆವು ಎಂದು ನೆನಪಿಸಿಕೊಳ್ಳತೊಡಗಿದೆ. ಮುದುಕಿ ಮಾತಾಡಿಸಿದ್ದು ಕುರ್ಚಿಯನ್ನು.

ನಂತರ ಒಳಗಿನಿಂದ ಅವರ ಕುರ್ಚಿ ಹೊರಬಂತು. ಅಡಿಯಲ್ಲಿ ಒಂದೇ ಗೀರು, ನಿಜವಾದ ಜೋಡಿ. ಆದರೆ ಅಡಿಯಿಂದ ಮುಡಿಯವರೆಗೆ ಗಟ್ಟಿ ನೀಲಿ ಆಯಿಲ್ ಪೇಂಟು. ಹುರಿಯ ಆಸನ ಹೋಗಿ, ಮಂಚಕ್ಕೆ ಹೆಣೆಯುವ ಬಿಳಿ ನವಾರು ಬಂದಿತ್ತು. ನನಗೆ ನಿಜವಾಗಿಯೂ ಅಳು ಬಂತು. ಮಾಸ್ತರು ಅದನ್ನು ಸಂತೋಷವೆಂದು ತಿಳಿದು ಕಣ್ಣೊರೆಸಿಕೊಳ್ಳಲು ತಮ್ಮ ಹೆಗಲ ವಸ್ತ್ರ ಕೊಟ್ಟರು. ಪೇಂಟು ಕೆರೆಯಲು ಎಷ್ಟು ತಿಂಗಳು ಹಿಡಿದೀತೆಂದು ನಾನು ಆಗಲೇ ಮನಸ್ಸಿನಲ್ಲಿ ಅಂದಾಜು ಹಾಕುತ್ತಿದ್ದೆ.

"ನಮ್ಮನಿಯಾಂವ ಕಾಲುವಿ ಕ್ಯಾಂಪಿನಾಗ ಡೆನ್ಮಾರ್ಕ್ ಸಾಹೇಬಗ ಅಡಗಿ ಮಾಡ್ತಿದ್ದ" ಎಂದಳು ದುರುಗಮ್ಮ. "ಮೊದಲ್ನೇ ಪಗಾರ ಕೊಟ್ಟ ದಿನ ಸಾಹೇಬ ಎದುರಿಗೆ ಈ ಕುರ್ಚಿ ಹಾಕಿ ಕುಂದ್ರು ಅಂದ. ಆಗ ಊರಾಗ ನಮಗ ಕಟ್ಟಿಮ್ಯಾಲ ಸುದ್ದಾ ಕುಂದ್ರಾಕ ಬಿಡ್ತಿರಲಿಲ್ಲವ್ವ. ಇಬ್ರೂ ಎದುರುಬದುರು ಕುಂತು ಚಾ ಕುಡದ್ರು. ಸಾಹೇಬ ಹೋಗುವಾಗ ಒಂದು ನಮಗ ಕೊಟ್ಟ. ಇನ್ನೊಂದು ಆಫೀಸಿನಾಗ ಉಳೀತು."

ಉಳಿದದ್ದನ್ನು ಮಾಸ್ತರು ಹೇಳಿದರು. ಅಂದಿನಿಂದ ಈ ಮನೆಯಲ್ಲಿ ಯಾರಿಗೆ ಮೊದಲ ಸಂಬಳ ಬಂದರೂ ಅವರು ಆ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯಬೇಕು, ಎದುರಿಗೆ ಹಿರಿಯರೊಬ್ಬರು ಕುಡಿಯಬೇಕು. "ಎದುರಿನ ಕುರ್ಚಿ ಇಲ್ಲಲ್ರಿ, ಅದಕ್ಕ ಅವ್ವ ನಿಂತ ಕುಡೀತಾಳ. ನನ್ನ ಪಗಾರಕ್ಕೂ ನಿಂತಾಳ, ತಮ್ಮನ ಪಗಾರಕ್ಕೂ ನಿಂತಾಳ. ಇವತ್ತು ನನ್ನ ಮಗಳು ಸುಜಾತಾಂದು. ಲಿಂಗಸುಗೂರು ದವಾಖಾನ್ಯಾಗ ನರ್ಸ್ ಆಗ್ಯಾಳ."

"ಬೇರೆ ಕುರ್ಚಿ ಹಾಕಬಹುದಿತ್ತಲ್ಲ?" ಎಂದೆ.

"ಪ್ಲಾಸ್ಟಿಕ್ ಕುರ್ಚಿ ಮದಿವ್ಯಾಗ ಹಾಕ್ತಾರವ್ವ" ಎಂದು ದುರುಗಮ್ಮ ಮಾತು ಮುಗಿಸಿದಳು.

ನಾನು ಬಂದ ಉದ್ದೇಶವನ್ನು ಈಗಲಾದರೂ ಹೇಳಲೇಬೇಕಿತ್ತು. ಧೈರ್ಯ ಸಾಲದೆ ಅರ್ಧ ನಗುತ್ತ, "ಮಾಸ್ತರೇ, ನಾನೇ ನಿಮ್ಮ ಕುರ್ಚಿ ಒಯ್ಯಲು ಬಂದಿದ್ದೇನೆ ಅಂತ ನಿಮಗೆ ಅನ್ನಿಸಲಿಲ್ಲವೇ?" ಎಂದು ಕೇಳಿದೆ.

"ಒಯ್ಯಾಕ ಬರೋರು ಹೊತ್ಕೊಂಡು ಬರ್ತಾರೇನ್ರಿ ಮೇಡಂ?" ಎಂದರು ಅವರು. ಅಂಗಳವೆಲ್ಲ ನಕ್ಕಿತು. ವಿಧಿಯಿಲ್ಲದೆ ನಾನೂ ನಕ್ಕೆ.

ಸುಜಾತಾ ನೀಲಿ ಕುರ್ಚಿಯಲ್ಲಿ ಕುಳಿತಳು. ದುರುಗಮ್ಮ ನನ್ನ ಕುರ್ಚಿಯಲ್ಲಿ ಕುಳಿತಳು. ಬರೀ ಕೂರಲಿಲ್ಲ, ಎರಡೂ ಕಾಲು ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿದಳು. ಅಜ್ಜಿ ಮೊಮ್ಮಗಳು ಎದುರುಬದುರಾಗಿ ಚಹಾ ಕುಡಿದರು. ಮುದುಕಿಯ ಕೈಯ ಕಪ್ಪು ವಾಲಿ ಹುರಿಯ ಮೇಲೆ ಚಹಾ ಚೆಲ್ಲಿತು. ಆರು ದಶಕ ಕಲೆ ಕಾಣದ ಹುರಿ. "ಏಳಿ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ದುರುಗಮ್ಮ ಖಾಲಿ ಕಪ್ಪನ್ನು ಕೆಳಗಿಟ್ಟು, ಕುರ್ಚಿಯ ತೋಳುಗಳ ಮೇಲೆ ಎರಡೂ ಕೈ ಚಾಚಿ, "ಕುಂತು ಕುಡದ್ರ ರುಚಿನ ಬ್ಯಾರೆ ಐತೆಲ್ಲೋ" ಎಂದು ಮಗನಿಗೆ ಹೇಳಿದಳು. ಬಿಚ್ಚಿಟ್ಟಿದ್ದ ಹಗ್ಗವನ್ನು ಸುತ್ತಿ ಚೀಲದೊಳಗೆ ತಳ್ಳಿದೆ. ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನನಗೂ ಚಹಾ ಕೊಟ್ಟರು. ಕೂರಲು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

ಬಿಸಿಲು ಇಳಿದ ಮೇಲೆ ಎರಡು ಕೌದಿಗಳನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಮಾಸ್ತರು ಬೇಡವೆಂದರೂ ಕೇಳದೆ ತಮ್ಮ ಗದ್ದೆಯ ಸೋನಾ ಮಸೂರಿಯ ಒಂದು ಚೀಲವನ್ನು ಆಟೋದಲ್ಲಿಟ್ಟರು. ತಿರುಗಿ ನೋಡಿದೆ. ದುರುಗಮ್ಮ ಇನ್ನೂ ಎದ್ದಿರಲಿಲ್ಲ.

ಲಿಂಗಸುಗೂರಿನಲ್ಲಿ ಸಿಕ್ಕ ಕಲಬುರಗಿ ಬಸ್ಸಿನಲ್ಲಿ ಬೆಳಗಿನ ಕಂಡಕ್ಟರನೇ ಇದ್ದ. "ಕುರ್ಚಿ ಎಲ್ರಿ ಅಕ್ಕಾರ?" ಎಂದ.

"ಅದರ ಊರು ಬಂತು, ಇಳಕೊಂತು."

ಅವನು ನನಗೆ ಶೂನ್ಯ ಟಿಕೆಟ್ ಕೊಟ್ಟು, ಅಕ್ಕಿಗೆ ಲಗೇಜ್ ಹರಿದ. ಚೀಲವನ್ನು ಮನೆಗೆ ಒಯ್ದರೆ ಯಜಮಾನರು ಮೊದಲು ಅದರ ಮೇಲೆ ಕುಳಿತು ನೋಡುತ್ತಾರೆ ಎಂದು ಯೋಚಿಸುತ್ತಿರುವಾಗ ಫೋನಿಗೆ ಸುಜಾತಾಳ ಸಂದೇಶ ಬಂತು. "ಮೇಡಂ, ಎರಡೂ ಜೋಡಿ ಕಾಣಬೇಕಂತ ಅಜ್ಜಿ ನಿಮ್ಮ ಕುರ್ಚಿಗೂ ನೀಲಿ ಹಚ್ಚು ಅನ್ನಾಕತ್ಯಾಳ. ಹಚ್ಚಲೇನ್ರಿ?"

ಸಾಗುವಾನಿಯ ಆ ಜೇನು ಬಣ್ಣ ಕಣ್ಣ ಮುಂದೆ ಬಂತು. "ದಯವಿಟ್ಟು ಬೇಡ" ಎಂದು ಬರೆದು ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ತಿಂಥಣಿ ಸೇತುವೆ ಬಂದಾಗ "ಹಚ್ಚವ್ವ" ಎಂದು ಕಳಿಸಿದೆ. ಹೊಳೆ ದಾಟಿದ ಮೇಲೆ, "ಎರಡು ಕೋಟು ಹಚ್ಚು" ಎಂದು ಇನ್ನೊಂದು ಕಳಿಸಿದೆ.