ಒಂಬತ್ತನೇ ತಿರುವಿನ ಪೊರಕೆ

“ಏಯ್ ಪೊರಕೆ! ಕಸ ಗುಡಿಸೋನು ಕಸದ ಥರ ಮೂಲೇಲಿರ್ಬೇಕು. ನಡುರಸ್ತೇಲಿ ನಿಂತು ನಮಗೇ ಪಾಠ ಹೇಳ್ತೀಯಾ?”

ಬೆಳಗಿನ ಆರು ಗಂಟೆ. ಬೆಟ್ಟದಿಂದಿಳಿಯುವ ರಸ್ತೆಯ ಒಂಬತ್ತನೇ ತಿರುವು. ಕೂಗುತ್ತಿರುವವರು ಏಳು ದಿನಗಳ ಸೈಕಲ್ ರೇಸಿನ ಮೇಲ್ವಿಚಾರಕರು. ಕಿಸಕ್ಕನೆ ನಕ್ಕವರು ಬೇಲಿಯಾಚೆ ಜಾಗ ಹಿಡಿದ ಪ್ರೇಕ್ಷಕರು. ಬೈಸಿಕೊಂಡವರು ಐವತ್ತೆರಡು ವರ್ಷದ ರಸ್ತೆ ಕೆಲಸಗಾರ, ಜೊತೆಯವರ ಬಾಯಲ್ಲಿ ‘ಜಲ್ಲಿಯಣ್ಣ’. ಅವರು ಕೇಳಿದ್ದಾದರೂ ಏನು? ಸವಾರರಿಗಿಂತ ಮುಂಚೆ ಹಾದುಹೋಗುವ ಪ್ರಚಾರದ ಗಾಡಿಗಳು ಹೋದ ಮೇಲೆ ಇನ್ನೊಂದು ಸಲ ಗುಡಿಸಲು ಬಿಡಿ ಎಂದು. ಅಷ್ಟೇ.

ಆಗೋದಿಲ್ಲವಂತೆ. ರಸ್ತೆ ಮುಚ್ಚಿದ ಮೇಲೆ ಕಾಲಿಟ್ಟರೆ ಕೆಲಸ ಹೋಗುತ್ತದಂತೆ. ಹೋದ ವರ್ಷ ಇದೇ ತಿರುವಿನಲ್ಲಿ ಸವಾರನೊಬ್ಬ ಜಾರಿ ಭುಜದ ಮೂಳೆ ಮುರಿದುಕೊಂಡ. ತಪ್ಪು ಪೊರಕೆಯದು ಎಂದು ವರದಿ ಬರೆದು ಕೈತೊಳೆದುಕೊಂಡರು. ಈ ವರ್ಷ ಇನ್ನೊಬ್ಬ ಬಿದ್ದರೂ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ದರಿಯಂತೂ ಪಕ್ಕದಲ್ಲೇ ಬಾಯ್ತೆರೆದಿದೆ.

ಟೀವಿಯವರು ಸೈಕಲ್ಲಿನ ತೂಕ ಹೇಳುತ್ತಾರೆ, ಸವಾರನ ಎದೆಬಡಿತ ಎಣಿಸುತ್ತಾರೆ. ಆ ಸೈಕಲ್ಲು ನಿಂತಿರುವ ನೆಲದ ಸುದ್ದಿ ಯಾರಿಗೂ ಬೇಡ. ಜಲ್ಲಿಯಣ್ಣನ ಪಾಲಿಗೆ ಏಳು ಕಿಲೋಮೀಟರು, ಇಪ್ಪತ್ಮೂರು ತಿರುವು. ಒಂದು ಹಗಲಿಗೆ ಮೂರು ಪೊರಕೆ ಸವೆಯುತ್ತವೆ.

“ಹೊಸಬರು ಜಲ್ಲೀನ ಅಂಚಿಗೆ ತಳ್ಳಿ ಕೈ ಝಾಡಿಸ್ತಾರೆ. ಗಾಡಿಯೋರು ತಿರುವಿನ ಒಳಮೈ ಕತ್ತರಿಸ್ಕೊಂಡು ಬರ್ತಾರಲ್ಲ, ಚಕ್ರ ಎಲ್ಲಾನೂ ವಾಪಸ್ ರಸ್ತೆಗೆ ಎರಚುತ್ತೆ. ಗುಡಿಸಿದ್ರೆ ಸಾಲದು, ಚೀಲಕ್ಕೆ ತುಂಬಿ ಹೊತ್ಕೊಂಡು ಹೋಗ್ಬೇಕು. ಆದ್ರೂ ಅಂಚಿನ ಮಣ್ಣಿಂದ ಹೊಸದು ಎದ್ದು ಬರುತ್ತೆ,” ಎನ್ನುತ್ತಾರೆ ಅವರು.

ಅದೇ ಗ್ಯಾಂಗಿನಲ್ಲಿ ದುಡಿಯುವ ಹೆಂಡತಿ ಪಕ್ಕದಲ್ಲೇ ಚೀಲ ಹಿಡಿದಿದ್ದಾರೆ. “ಮನೇಲಿ ಈಯಪ್ಪ ಪೊರಕೆ ಮುಟ್ಟಿದ್ದು ನಾನು ಕಂಡಿಲ್ಲ. ಇಲ್ಲಿ ನೋಡಿ, ರಸ್ತೆಗೆ ತಲೆ ಬಾಚ್ತಾರೆ!”

“ಮನೆ ಬಾಗ್ಲಲ್ಲಿ ಯಾರೂ ಎಂಬತ್ತರ ಸ್ಪೀಡಲ್ಲಿ ತಿರುಗಲ್ಲ ಕಣೇ.”

ಹನ್ನೊಂದಕ್ಕೆ ಪ್ರಚಾರದ ಗಾಡಿಗಳು ಬರುತ್ತವೆ. ಅರವತ್ತು ಗಾಡಿ, ಕಿವಿ ತೂತಾಗುವ ಹಾಡು, ಟೋಪಿಗಳ ಎಸೆತ. ಹೋದ ಮೇಲೆ ನೋಡಿದರೆ ತಿರುವಿನ ತುಂಬ ಜಲ್ಲಿ, ಅವರು ಹೇಳಿದಂತೆಯೇ. ಮೇಲ್ವಿಚಾರಕರು ರಸ್ತೆಯಂಚಿನ ಉದ್ದಕ್ಕೂ ಹಗ್ಗ ಕಟ್ಟಿಸಿ, ರಸ್ತೆ ಮುಚ್ಚಿತೆಂದು ಸಾರಿ, ಕಾರು ಹತ್ತಿ ಕೆಳಗಿಳಿಯುತ್ತಾರೆ. ಸವಾರರು ಬರಲು ಇನ್ನು ಹದಿನೆಂಟು ನಿಮಿಷ.

ಜಲ್ಲಿಯಣ್ಣ ಹೆಂಡತಿಯ ಮುಖ ನೋಡುತ್ತಾರೆ.

“ಏನ್ರೀ ನನ್ನ ನೋಡ್ತೀರಾ? ಹಗ್ಗ ದಾಟಿ! ನಾನು ಮೇಲಿನ ತಿರುವಲ್ಲಿರ್ತೀನಿ. ಒಂದು ಸೀಟಿ ಊದಿದ್ರೆ ಸವಾರರು ದೂರದಲ್ಲಿ ಕಂಡ್ರು ಅಂತ. ಎರಡು ಊದಿದ್ರೆ ಬಿಟ್ಟು ಓಡಿ!”

ಅವರು ಹಗ್ಗ ದಾಟುತ್ತಾರೆ. ಪೊರಕೆ ಬೀಸುವ ರಭಸಕ್ಕೆ ಧೂಳು ಆಳೆತ್ತರ ಏಳುತ್ತದೆ. ಒಂದು ಚೀಲ ತುಂಬುತ್ತದೆ, ಎರಡನೆಯದು ಅರ್ಧ. ಬೆಳಗ್ಗೆ ಹಲ್ಲು ಕಿರಿದವರೇ ಈಗ ಬೇಲಿಗೆ ಜೋತುಬಿದ್ದಿದ್ದಾರೆ. “ಅಲ್ಲಿ, ಎಡಕ್ಕೆ, ಅಣ್ಣಾ! ಬೇಗ!”

ಒಂದು ಸೀಟಿ.

ಅವರು ಮಂಡಿಯೂರಿ, ಸವಾರರು ವಾಲುವ ಜಾಗವನ್ನು ಅಂಗೈಯಿಂದ ಸವರುತ್ತಾರೆ. ಪೊರಕೆಗೆ ಸಿಗದ ಸಣ್ಣ ಹರಳು ಚರ್ಮಕ್ಕೆ ಸಿಗುತ್ತದೆ. ಒಂದು, ಇನ್ನೊಂದು.

ಎರಡು ಸೀಟಿ!

ಚೀಲಗಳನ್ನು ಎಳೆದುಕೊಂಡು ಅವರು ಬೇಲಿಯಾಚೆ ಬೀಳುವುದಕ್ಕೂ ಸವಾರರ ಮುಂದೆ ಓಡುವ ಮೋಟಾರ್ ಸೈಕಲ್ ಕಾಣಿಸುವುದಕ್ಕೂ ಸರಿಹೋಗುತ್ತದೆ. ಹಿಂದೆಯೇ ಇಬ್ಬರು ಸವಾರರು. ಮೊಣಕಾಲು ನೆಲಕ್ಕೆ ತಾಗೀತೆನ್ನುವಷ್ಟು ವಾಲಿ, ಬ್ರೇಕ್ ಬಿಟ್ಟು, ಬಾಣದಂತೆ ತಿರುಗುತ್ತಾರೆ. ಆಮೇಲೆ ಗುಂಪು ಬರುತ್ತದೆ. ಎಂಬತ್ತು ಜನ, ನೂರರವತ್ತು ಚಕ್ರ, ಜೇನುಗೂಡು ಕೆದಕಿದಂಥ ಸದ್ದು. ಒಂದು ಚಕ್ರವೂ ಜಾರುವುದಿಲ್ಲ. ಒಂದೂ! ಬೇಲಿಯವರು ಕುಣಿಯುತ್ತಾರೆ. ಯಾರೋ ಜಲ್ಲಿಯಣ್ಣನ ಬೆನ್ನಿಗೆ ಗುದ್ದುತ್ತಾರೆ.

ರಸ್ತೆ ತೆರೆದ ಮೇಲೆ ಮೇಲ್ವಿಚಾರಕರ ಕಾರು ವಾಪಸ್ ಬರುತ್ತದೆ. ಗಾಜು ಇಳಿಯುತ್ತದೆ.

“ನೋಡಿದ್ಯಾ? ಎರಡನೇ ಸಲ ಗುಡಿಸ್ದೇನೇ ಎಲ್ರೂ ಪಾರಾದ್ರು. ಬೆಳಗ್ಗೆ ಸುಮ್ಸುಮ್ನೆ ಬಾಯಿ ಬಡ್ಕೊಂಡೆಯಲ್ಲ!”

ಬೇಲಿಯ ಬಳಿ ಯಾರೂ ನಗುವುದಿಲ್ಲ. ಎಲ್ಲರೂ ಜಲ್ಲಿಯಣ್ಣನನ್ನೇ ನೋಡುತ್ತಾರೆ. ಅವರು ತುಂಬಿದ ಚೀಲವನ್ನು ಹೆಗಲಿಗೇರಿಸಿ, ಅರ್ಧ ತುಂಬಿದ್ದನ್ನು ಕಂಕುಳಿಗೆ ಸಿಕ್ಕಿಸಿ, ಹೆಂಡತಿ ನಿಂತಿರುವ ಮೇಲಿನ ತಿರುವಿನತ್ತ ನಡೆದುಬಿಡುತ್ತಾರೆ.