ಬೌಲರ್ ಹೊಲಿದ ಕೌದಿ

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಊರು ಬದಲಾದರೂ ನನ್ನ ದಿನಚರಿ ಬದಲಾಗುವುದಿಲ್ಲ. ಐದಕ್ಕೆ ಏಳುವುದು, ನಡೆದು ಬರುವುದು, ಗಡ್ಡ ಮಾಡಿಕೊಳ್ಳುವುದು. ಅಂದು ಗದ್ದದ ಕೆಳಗೆ ಬ್ಲೇಡು ತಾಗಿತು. ಚೀಲದಿಂದ ಪಟಿಕದ ತುಂಡು ತೆಗೆದು, ನೀರಲ್ಲಿ ಅದ್ದಿ ಗಾಯಕ್ಕೆ ತಿಕ್ಕಿದೆ. ಆ ತಣ್ಣನೆಯ ಉರಿ, ಸಾಬೂನಿನ ನೊರೆಯ ವಾಸನೆ... ಕನ್ನಡಿಯಲ್ಲಿ ನನ್ನ ಮುಖದ ಹಿಂದೆ ಅವನು ಬಂದು ನಿಂತಂತಾಯಿತು.

ಇಳಕಲ್ಲಿನಲ್ಲಿ ನಮ್ಮ ಓಣಿಯ ತಿರುವಿನಲ್ಲಿ ಅವನ ಕಟಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಬೆಂಚು, ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿದ ಸಣ್ಣ ಟಿ.ವಿ. ನಾನಾಗ ಅಲ್ಲಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಬುಧವಾರ ಮತ್ತು ರವಿವಾರ ಬೆಳಿಗ್ಗೆ ಆರೂವರೆಗೆ ಅವನ ಕುರ್ಚಿಯಲ್ಲಿ ಇರುತ್ತಿದ್ದೆ. ನಾನು ಬರುವುದನ್ನು ನೋಡಿ ಚಹಾದಂಗಡಿಯವನು ಗಡಿಯಾರ ಸರಿಮಾಡಿಕೊಳ್ಳುತ್ತಾನೆಂದು ಅವನು ಹೇಳುತ್ತಿದ್ದ. ಅದೂ ಅವನೇ ಕಟ್ಟಿದ ಕತೆಯಿರಬೇಕು.

ಅವನ ಕೈ ಹಗುರ, ಬಾಯಿ ಇನ್ನೂ ಹಗುರ. ಬ್ರಷ್ಷು ಗಲ್ಲಕ್ಕೆ ತಾಗಿದೊಡನೆ ಶುರು.

“ಸರ, ನಿಮಗ ಗೊತ್ತೈತೇನ್ರಿ? ಟೀವಿಯೊಳಗ ಆ ಅತ್ತಿ ಪಾರ್ಟ್ ಮಾಡ್ತಾಳಲ್ಲ, ಸೊಸಿ ಜೀವಾ ಹಿಂಡಾಕಿ... ಅಕಿ ಮನ್ಯಾಗ ಅಡಗಿಮನಿ ಕೀಲಿ ಸೊಸಿ ಕಡೆ ಐತಿ. ಒಂದ್ ಕಪ್ ಚಾ ಬೇಕಾದ್ರ ಅಕಿ ಮಾರಿ ನೋಡ್ಕೋತ ಕುಂದರ್ಬೇಕ್ರಿ!”

ಬೆಂಚಿನ ಮೇಲಿದ್ದವರು ಹೋ ಎಂದು ನಗುತ್ತಿದ್ದರು. ಇನ್ನೊಂದು ದಿನ, ಎಂಥ ವೇಗದ ಚೆಂಡಿಗೂ ಅಂಜದ ಓಪನಿಂಗ್ ಬ್ಯಾಟ್ಸ್‌ಮನ್ ಇಂಜೆಕ್ಷನ್ ಸೂಜಿ ಕಂಡರೆ ಮಂಚದ ಕೆಳಗೆ ಹೋಗುತ್ತಾನೆ ಎಂಬ ಸುದ್ದಿ. ಮತ್ತೊಂದು ದಿನ, ಹುಡುಗಿಯರು ಬೆನ್ನು ಹತ್ತುವ ಸಿನಿಮಾ ಹೀರೋ ಟೋಪನ್ ಬಿಚ್ಚಿಟ್ಟು ಮಲಗುವ ಸುದ್ದಿ. ಯಾವ ಪತ್ರಿಕೆಯಲ್ಲೂ ಬಾರದ ಇಂಥವು ಇವನಿಗೆ ಎಲ್ಲಿ ಸಿಗುತ್ತವೆ? ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

“ನಮ್ಮ ತಮ್ಮ ಮುಂಬೈದಾಗ ದೊಡ್ಡ ದೊಡ್ಡ ಮಂದಿ ತಲಿಗಿ ಕತ್ರಿ ಹಾಕ್ತಾನ್ರಿ. ಕತ್ತಿ ಮುಂದ ಯಾರೂ ಸುಳ್ಳ ಹೇಳಂಗಿಲ್ಲ.”

ನಾನು ಶಿಸ್ತಿನ ಮನುಷ್ಯ, ಹರಟೆಗೆ ಕೂರುವವನಲ್ಲ. ಆದರೆ ಆ ಕುರ್ಚಿಯಲ್ಲಿ ಮಾತ್ರ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ಮನಸಾರೆ ನಗುತ್ತಿದ್ದೆ. ವಾರದಲ್ಲಿ ಎರಡು ಸಲ ನನಗೆ ಸಿಗುತ್ತಿದ್ದ ಸಡಿಲು ಅದೊಂದೇ.

ಆ ವರ್ಷ ನನ್ನ ಹೆಂಡತಿಗೆ ಸಣ್ಣಗೆ ಲಕ್ವಾ ಹೊಡೆಯಿತು. ಮುಖ ನೆಟ್ಟಗಾಯಿತು, ನಡಿಗೆ ಬಂತು, ಬಲಗೈ ಹಿಡಿತ ಮಾತ್ರ ಬರಲಿಲ್ಲ. ಅದೇ ಹೊತ್ತಿಗೆ ಮಗಳು ಚೊಚ್ಚಲ ಬಸುರಿ. ಕೊಟ್ಟ ಮನೆ ಆಗ ಕುಳಗೇರಿ ಕ್ರಾಸಿನಲ್ಲಿ. ತನ್ನ ಕೈಯ ಸುದ್ದಿ ಬೀಗರಿಗೆ ಮುಟ್ಟಿದರೆ ಮಗಳನ್ನು ಬಾಣಂತನಕ್ಕೆ ತವರಿನಲ್ಲಿ ಬಿಡುವುದಿಲ್ಲ ಎಂಬುದು ಅವಳ ಭಯ. ಸೆರಗಿನ ಒಳಗೆ ಕೈ ಇಟ್ಟುಕೊಂಡೇ ಓಡಾಡುತ್ತಿದ್ದಳು. “ಎಡಗೈ ಐತಿ, ನೀವ ಅದೀರಿ. ಹಡದ ಮ್ಯಾಲ ಐದ ತಿಂಗಳ ನಾ ಅಕಿನ್ನ ಕಳ್ಸಾಕಿ ಅಲ್ಲ. ಯಾರ ಮುಂದೂ ಅನಬ್ಯಾಡ್ರಿ,” ಎಂದಿದ್ದಳು.

ಆದರೆ ಕೌದಿ ಇತ್ತಲ್ಲ. ಹುಟ್ಟುವ ಕೂಸಿಗೆ ಅಮ್ಮ, ಅಂದರೆ ತಾಯಿಯ ತಾಯಿ, ತನ್ನ ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಕೈಯಿಂದ ಕೌದಿ ಹೊಲಿಯಬೇಕು. ಬಸುರಿ ಅದಕ್ಕೆ ಸೂಜಿ ಹಾಕಬಾರದು. ಹೊರಗಿನವರಿಗೆ ಕೊಟ್ಟರೆ ಓಣಿಗೆಲ್ಲ ಪ್ರಶ್ನೆ. ಕಡೆಗೆ ನಾನೇ ಕುಳಿತೆ. ಬಾಗಿಲು ಹಾಕಿಕೊಂಡು, ಅವಳ ಎರಡು ಹಳೆಯ ಇಳಕಲ್ ಸೀರೆ ಹರವಿಕೊಂಡು, ಮೈದಾನದಲ್ಲಿ ಖೊಖೊ ಗೆರೆ ಎಳೆಯುವಂತೆ ದಾರಕ್ಕೆ ಸುಣ್ಣ ಹಚ್ಚಿ, ಬಡಿದು, ಗೆರೆ ಮೂಡಿಸಿ, ಅದರ ಮೇಲೆ ಸೂಜಿಯಿಂದ ಟಾಕು ಹಾಕಿದೆ. ಪಕ್ಕದಲ್ಲಿ ಕುಳಿತ ಅವಳು ನಕ್ಕು ನಕ್ಕು ಸುಸ್ತಾದಳು.

“ಇದೇನ್ರಿ, ಕೂಸು ಇದರ ಮ್ಯಾಲ ಪರೇಡ್ ಮಾಡ್ತೈತೇನು?”

ಲಕ್ವಾ ಹೊಡೆದ ಮೇಲೆ ಅವಳು ಅಷ್ಟು ನಕ್ಕಿದ್ದು ಅದೇ ಮೊದಲು. ಒಂದು ಮೂಲೆಯನ್ನು ಮಾತ್ರ ಹೊಲಿಯದೆ ತೆರೆದಿಡಲು ಹೇಳಿದಳು. ಕೌದಿಯ ಹೊಟ್ಟೆ ಬರಿದಾಗಿರಬಾರದು. ತಾಯಿ ಮಗು ಗಂಡನ ಮನೆಗೆ ಹೊರಡುವ ದಿನ ಅಮ್ಮನಾದವಳು ಅದರಲ್ಲಿ ನಾಲ್ಕು ಕಾಳು ಜೋಳ ಹಾಕಿ ಮೂಲೆ ಮುಚ್ಚಬೇಕು. “ಅದೊಂದ ನಾನ ಮುಚ್ತೇನಿ. ಎಡಗೈಲೆ ಆದ್ರೂ ಆಗ್ಲಿ,” ಎಂದಳು. ಅದಕ್ಕಾಗಿ ಹಳೆಯ ಬಟ್ಟೆಯ ಮೇಲೆ ಎಡಗೈಯಿಂದ ಟಾಕು ಕಲಿಯತೊಡಗಿದಳು.

ನನ್ನ ಬೆರಳ ತುಂಬ ಸೂಜಿ ಗಾಯ. ಒಂದು ಬುಧವಾರ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ಅವನು ನನ್ನ ಕೈ ಹಿಡಿದು ನೋಡಿದ.

“ಏನ್ರಿ ಸರ ಇದು? ಮುಳ್ಳ ಕಂಟಿ ಕಿತ್ತೀರೇನು?”

ಬೇರೆ ಏನಾದರೂ ಹೇಳಬಹುದಿತ್ತು. ಸುಳ್ಳು ನನಗೆ ಬರುವುದಿಲ್ಲ. ಜತೆಗೆ, ಅಷ್ಟು ದಿನ ಒಬ್ಬನೇ ಹೊತ್ತಿದ್ದೆ... ಕೈಯ ವಿಷಯ, ಬೀಗರ ವಿಷಯ, ಕೌದಿ, ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡ. ಕೈಯಲ್ಲಿದ್ದ ಕತ್ತಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, “ಇದರ ಆಣಿರಿ ಸರ, ನಿಮ್ಮ ಹೆಸರು ನನ್ನ ಬಾಯಾಗ ಬರಂಗಿಲ್ಲ,” ಎಂದ. ಗಾಯಗಳಿಗೆ ತಾನೇ ಪಟಿಕ ತಿಕ್ಕಿದ. ಇಂಥ ಗೆಳೆಯ ಸಿಕ್ಕ ಎಂದು ಆ ದಿನ ಹಗುರಾಗಿ ಸಾಲೆಗೆ ಹೋದೆ.

ಅದಾದ ಕೆಲವೇ ವಾರಕ್ಕೆ, ಒಂದು ರವಿವಾರ. ಟಿ.ವಿ.ಯಲ್ಲಿ ಹಳೆಯ ಪಂದ್ಯ ತೋರಿಸುತ್ತಿದ್ದರು. ಬೆಂಚು ತುಂಬಿತ್ತು. ನನ್ನ ಮುಖದ ತುಂಬ ನೊರೆ, ಗಂಟಲ ಮೇಲೆ ಕತ್ತಿ. ಪರದೆಯ ಮೇಲೆ ಒಬ್ಬ ಎತ್ತರದ ವೇಗದ ಬೌಲರ್ ಓಡಿಬರುತ್ತಿದ್ದ.

“ಇಂವನ್ನ ನೋಡ್ರಿ,” ಎಂದ ಅವನು, “ಓಡಿ ಬಂದ್ರ ಸ್ಟೇಡಿಯಂ ನಡಗ್ತೈತಿ. ಮನ್ಯಾಗ ಏನ್ ಮಾಡ್ತಾನ ಹೇಳ್ರಿ? ಹೇಣ್ತಿ ಸೀರಿ ಹರವಿಕೊಂಡು ಕೌದಿ ಹೊಲಿತಾನ! ಅಕಿ ಕೈ ನಡಿಯಂಗಿಲ್ಲ. ಯಾರಿಗೂ ಗೊತ್ತಾಗಬಾರ್ದಂತ ಬಾಗ್ಲಾ ಹಾಕ್ಕೊಂಡು ಕುಂದರ್ತಾನ. ಗೆರಿ ಹ್ಯಾಂಗ ಅಂತೀರಿ? ಪಿಚ್ಚಿಗೆ ಸುಣ್ಣ ಬಡದಂಗ, ನೆಟ್ಟಗ!”

“ಲೇ, ಬೌಲಿಂಗ್ ಬಿಟ್ಟು ಟೇಲರಿಂಗ್ ಹಚ್ಚಾನೇನಲೇ ಮಗ!” ಎಂದು ಯಾರೋ ಕೂಗಿದರು. ಬೆಂಚು ಕುಣಿಯಿತು. ಕತ್ತಿ ಗಂಟಲ ಮೇಲಿದ್ದುದರಿಂದ ನಾನು ಅಲುಗಾಡಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವನು ನನಗೆ ಕಣ್ಣು ಮಿಟುಕಿಸಿದ. ನಾನು ಖುಷಿಪಡುತ್ತೇನೆ ಎಂದುಕೊಂಡಿದ್ದ.

ಓಣಿಯಲ್ಲಿ ಅಲ್ಲಿ ಇಲ್ಲಿ ಕಿವಿಗೆ ಬಿದ್ದದ್ದೆಲ್ಲ ಕೂಡಿಕೊಂಡು ಆ ಕ್ಷಣ ತಿಳಿಯಿತು: ನಮ್ಮವರ ಗುಟ್ಟುಗಳನ್ನೇ ಅವನು ದೊಡ್ಡ ಮಂದಿಗೆ ಹಚ್ಚಿ ಹೇಳುತ್ತಿದ್ದ. ಮುಂಬೈಯ ತಮ್ಮ ಎಂಬವನೇ ಇರಲಿಲ್ಲ. ಚಹಾಕ್ಕೆ ಸೊಸೆಯ ಮುಖ ನೋಡುತ್ತಿದ್ದದ್ದು ಟಿ.ವಿ.ಯ ಅತ್ತೆಯಲ್ಲ, ಹಿಂದಿನ ಓಣಿಯ ಸೀರೆ ವ್ಯಾಪಾರಿಯ ಹೆಂಡತಿ. ಸೂಜಿಗೆ ಅಂಜುತ್ತಿದ್ದವನು ನಮ್ಮ ಗರಡಿಮನೆಯ ಪೈಲ್ವಾನ. ಆ ಪೈಲ್ವಾನ ಆ ಹೊತ್ತಿನಲ್ಲೂ ಬೆಂಚಿನ ಮೇಲೆ ಕುಳಿತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನೂ ಒಂದು ದಿನ ಈ ಕುರ್ಚಿಯಲ್ಲಿ ನನ್ನಂತೆಯೇ ಅಲುಗಾಡದೆ ಕುಳಿತಿದ್ದನೇ...

ಮನೆಗೆ ಬಂದು ಏನೂ ಹೇಳಲಿಲ್ಲ. ಹೆಸರಿಲ್ಲದ ಮಾತು ಓಣಿಯಲ್ಲೇ ಸತ್ತುಹೋಗುತ್ತದೆ ಎಂದು ನಂಬಿದ್ದೆ.

ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಕುಳಗೇರಿ ಕ್ರಾಸಿನಿಂದ ಜೀಪು ಮಾಡಿಕೊಂಡು ಬೀಗರು ಬಂದರು. ಹೆಂಗಸರು ಹಾಡಿದರು. ತೊಟ್ಟಿಲಲ್ಲಿ ಕೌದಿ ಹಾಸಿತ್ತು. ಬೀಗತಿ ಅದರ ಮೇಲೆ ಕೈಯಾಡಿಸಿ, ಗೆರೆ ನೋಡಿ, ಜೋರಾಗಿ ನಕ್ಕರು.

“ಅಯ್ಯ, ಇದೇನ್ರಿ ಬೀಗತಿ, ಇಷ್ಟ ನೆಟ್ಟಗ! ಆ ಬೌಲರ್ ಬಂದು ಹೊಲದಾನೇನು? ನಮ್ಮ ಮೈದ್ನ ಸೀರಿ ತರಾಕ ಇಲ್ಲಿಗಿ ಬಂದಾಗ ಯಾವ್ದೋ ಕಟಿಂಗ್ ಅಂಗಡ್ಯಾಗ ಕೇಳ್ಕೊಂಡ್ ಬಂದಾನ. ಊರೆಲ್ಲ ಹೇಳೇ ಹೇಳ್ಯಾನ. ಹೇಣ್ತಿ ಕೈ ಹೋಗೈತಂತ, ಗಂಡ ಕುಂತು...”

ಅವರು ಬರೀ ನಗೆಗೆ ಅಂದದ್ದು. ಆದರೆ ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತು, ಬಲಗೈ ಮತ್ತಷ್ಟು ಸೆರಗಿನೊಳಗೆ ಸರಿಯಿತು. ಬೀಗತಿ ಅದನ್ನು ಕಂಡರು. ನಗು ನಿಂತಿತು.

“ನಿಮ್ಮ ಕೈ ಕೊಡ್ರಿ ಇಲ್ಲೆ.”

ಕೈ ಕೊಟ್ಟಳು. ಬೀಗತಿ ಹಿಡಿದು ಬಿಟ್ಟೊಡನೆ ಅದು ತೊಡೆಯ ಮೇಲೆ ಬಿತ್ತು. ಬೀಗತಿ ಕೆಟ್ಟವರಲ್ಲ. ಬೈಯಲಿಲ್ಲ. “ಬಾಣಂತಿಗಿ ನೀರ ಹಾಕಾಕ, ಕೂಸಿನ್ನ ಎತ್ತಾಕ ಎರಡೂ ಕೈ ಬೇಕ್ರಿ. ನೀವ ನಮಗ ಹೇಳಬೇಕಿತ್ತು,” ಎಂದರು ಅಷ್ಟೇ. ಮಗಳು ಅತ್ತಳು, ನಾನು ಬೇಡಿಕೊಂಡೆ. ಮರುದಿನವೇ ಜೀಪಿನಲ್ಲಿ ತಾಯಿ, ಮಗು ಹೋದರು, ಜೊತೆಗೆ ಕೌದಿಯೂ. ಜೋಳದ ಕಾಳು ತಾಟಿನಲ್ಲೇ ಉಳಿಯಿತು. ಎಲ್ಲರೆದುರು ಎಡಗೈಯಲ್ಲಿ ಸೂಜಿ ಹಿಡಿಯಲು ನನ್ನ ಹೆಂಡತಿ ಹೊರಗೆ ಬರಲೇ ಇಲ್ಲ.

ಸಂಜೆ ಒಂದೇ ಮಾತು ಕೇಳಿದಳು. “ಯಾರ ಮುಂದ ಅಂದ್ರಿ?”

ಹೇಳಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಸೂಜಿಯನ್ನೂ ಮುಟ್ಟಲಿಲ್ಲ.

ಅಂದು ಬುಧವಾರವೂ ಅಲ್ಲ, ರವಿವಾರವೂ ಅಲ್ಲ. ಆದರೂ ಅಂಗಡಿಗೆ ಹೋದೆ. ಅವನು ಕುರ್ಚಿ ಝಾಡಿಸಿ, “ಬರ್ರಿ ಸರ, ಇವತ್ತೇನ್ರಿ ಹೊತ್ತಲ್ಲದ ಹೊತ್ತಿನ್ಯಾಗ?” ಎಂದ. ನಾನು ಕೂರಲಿಲ್ಲ. ಆದದ್ದನ್ನು ಹೇಳಿದೆ. ಅವನು ನಿಜವಾಗಿಯೂ ಅಚ್ಚರಿಪಟ್ಟ.

“ಆಣಿ ನಾ ಮುರದಿಲ್ರಿ ಸರ! ನಿಮ್ಮ ಹೆಸರ ಎಲ್ಲೆರೆ ತಗೊಂಡೇನೇನು? ಎಂಥಾ ದೊಡ್ಡ ಮನಷ್ಯಾಗ ಹಚ್ಚಿ ಹೇಳೇನಿ ನೋಡ್ರಿ. ನಿಮಗ ಮರ್ಯಾದಿ ಕೊಟ್ಟೇನಿ. ಪೈಲ್ವಾನಗ ಬರೇ ಬ್ಯಾಟ್ಸ್‌ಮನ್ ಕೊಟ್ಟಿದ್ದೆ. ನಿಮಗ ಭಾರಿ ಬೌಲರ್‌ನ ಹುಡಿಕೇನ್ರಿ!”

ಅಲ್ಲೇ ಕಪಾಟಿನ ಮೇಲಿದ್ದ ನನ್ನ ಬ್ರಷ್ಷು, ನನ್ನ ಪಟಿಕ ತೆಗೆದುಕೊಂಡು ಬಂದುಬಿಟ್ಟೆ. ಅಂದಿನಿಂದ ನನ್ನ ಗಡ್ಡ ನಾನೇ ಮಾಡಿಕೊಳ್ಳುತ್ತೇನೆ. ದಾರಿಯಲ್ಲಿ ಎದುರಾದರೆ ಅವನು “ಸರ...” ಎಂದು ನಿಲ್ಲುತ್ತಿದ್ದ. ನಾನು ನಿಲ್ಲುತ್ತಿರಲಿಲ್ಲ. ಕೆಲವು ವರ್ಷದ ಹಿಂದೆ ತೀರಿಕೊಂಡನೆಂದು ಕೇಳಿದೆ. ಮಣ್ಣಿಗೆ ಹೋಗಲಿಲ್ಲ. ಅದಕ್ಕೂ ಮೊದಲೇ ನನ್ನ ಹೆಂಡತಿ ಹೋಗಿದ್ದಳು.

ಗಾಯದ ರಕ್ತ ನಿಂತಿತು. ಮುಖ ಒರೆಸಿಕೊಂಡು ಹೊರಗೆ ಬಂದೆ. ಮೊಮ್ಮಗಳು ಈಗ ಕಾಲೇಜು ಹುಡುಗಿ. ಸೋಫಾದ ಮೇಲೆ ಕುಳಿತು, ಮೊಣಕಾಲಿಗಷ್ಟೇ ಸಾಲುವ ಆ ಹಳೆಯ ಕೌದಿ ಹೊದ್ದು ಮೊಬೈಲು ನೋಡುತ್ತಿದ್ದಳು. ನನ್ನನ್ನು ಕಂಡು ಹಿಗ್ಗಿನಿಂದ ಓದಿದಳು.

“ಅಜ್ಜಾ, ನಿನಗ ಗೊತ್ತೈತೇನು? ಈ ಹೀರೋ ಶೂಟಿಂಗ್‌ಗೆ ಹೋಗೂಕಿಂತ ಮೊದ್ಲ ದಿನಾ ಅವ್ವಗ ಫೋನ್ ಹಚ್ಚಿ ಬೈಸ್ಕೋತಾನಂತ! ಬೈಸ್ಕೊಳ್ಳಿಲ್ಲಂದ್ರ ಅಂವಗ ಡೈಲಾಗ್ ನೆನಪೇ ಇರಂಗಿಲ್ಲಂತ!”

“ಇದು ಯಾರ ಮನ್ಯಾಗಿಂದು?” ಎಂದೆ.

“ಅಂದ್ರ? ಹೀರೋನ ಮನ್ಯಾಗಿಂದು ಅಜ್ಜಾ. ಇಲ್ಲೆ ಬರದಾರ ನೋಡು.”

ಅವಳ ಪಕ್ಕದಲ್ಲಿ ಕುಳಿತೆ. ಸೀರೆಯ ಬಣ್ಣ ಮಾಸಿದೆ, ನನ್ನ ಗೆರೆಗಳು ಮಾತ್ರ ಇನ್ನೂ ನೆಟ್ಟಗಿವೆ. ಕೈ ತಾನಾಗಿ ಆ ಮೂಲೆಗೆ ಹೋಯಿತು. ಕುಳಗೇರಿ ಕ್ರಾಸಿನಲ್ಲಿ ಯಾರೋ ಅದನ್ನು ಮಶೀನಿನಲ್ಲಿ ಹೊಲಿದು ಮುಚ್ಚಿದ್ದಾರೆ. ಬೆರಳಿನಿಂದ ಒತ್ತಿ ನೋಡಿದೆ... ಒಳಗೆ ಒಂದು ಕಾಳೂ ಇರಲಿಲ್ಲ.