ದೊಡ್ಡಪ್ಪನ ವಾಕಿಂಗ್ ಚೊಂಬು

ಮೊನ್ನೆ ಅಟ್ಟದಿಂದ ಹುಣಸೆಹಣ್ಣಿನ ಮಡಕೆ ಇಳಿಸುವಾಗ ಅದರ ಹಿಂದಿನಿಂದ ಒಂದು ಹಿತ್ತಾಳೆ ಚೊಂಬು ಉರುಳಿ ನನ್ನ ಕಾಲ ಮೇಲೇ ಬಿತ್ತು. ನಮ್ಮ ದೊಡ್ಡಪ್ಪನದು. ಬದುಕಿದ್ದಾಗಲೂ ಅವರು ಹೀಗೆಯೇ, ಕರೆಯದಿದ್ದರೂ ಬುದ್ಧಿ ಹೇಳಲು ಬಂದುಬಿಡುತ್ತಿದ್ದರು.

ಬಿದ್ದದ್ದೂ ಸರಿಯಾದ ಹೊತ್ತಿಗೇ. ನನಗೆ ಸಕ್ಕರೆ ಕಾಯಿಲೆ. ದಿನಾ ನಡೆಯದಿದ್ದರೆ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾಗುತ್ತದೆ ಎಂದು ಶ್ರೀರಂಗಪಟ್ಟಣದ ಡಾಕ್ಟರು ಹೆದರಿಸಿದ್ದಾರೆ. ನಡೆಯಲು ನಾನು ತಯಾರು; ನಮ್ಮ ಅರಕೆರೆಯವರು ಬಿಡಬೇಕಲ್ಲ? ರಸ್ತೆಗಿಳಿದರೆ ಸಾಕು, ಬೈಕು ನಿಲ್ಲಿಸಿ ‘ಅತ್ಕಳಿ ಅಣ್ಣ’ ಎನ್ನುತ್ತಾರೆ. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ, ನೋಡಿ. ಹತ್ತಿಕೊಳ್ಳುತ್ತೇನೆ.

ದೊಡ್ಡಪ್ಪನಿಗೂ ಇದೇ ಕಷ್ಟವಿತ್ತು. ಉಬ್ಬಸವೆಂದು ಮೈಸೂರಿನಲ್ಲಿ ಪ್ರಕೃತಿ ಚಿಕಿತ್ಸೆ ಮಾಡಿಸಿಕೊಂಡು ಬಂದವರು, ಮೊಳಕೆಕಾಳು ತಿನ್ನಿ, ಬೆಳಿಗ್ಗೆ ಎದ್ದು ನಡೆಯಿರಿ ಎಂದು ಊರಿಗೆಲ್ಲ ಹೇಳತೊಡಗಿದರು. ದಿನವಿಡೀ ಗದ್ದೆಯಲ್ಲಿ ಬಗ್ಗಿ ಏಳುವವರಿಗೆ ವ್ಯಾಯಾಮ ಬೋಧಿಸಲು ಎಂಟೆದೆ ಬೇಕು. ಕೆಲಸವಿಲ್ಲದೆ ನಾಲೆ ಏರಿಯ ಮೇಲೆ ಬಿರಬಿರನೆ ನಡೆಯುವ ಮನುಷ್ಯನನ್ನು ಊರು ಅದುವರೆಗೆ ಕಂಡಿರಲಿಲ್ಲ. ಎದುರಾದ ಗಾಡಿಯೆಲ್ಲ ನಿಲ್ಲುತ್ತಿತ್ತು.

“ಎಲ್ಲಿಗಣ್ಣ?”

“ಎಲ್ಲಿಗೂ ಇಲ್ಲ ಕಣ್ಲಾ, ಸುಮ್ಕೆ.”

“ಮನೇಲೇನಾರ ಜಗಳ ಆಯ್ತಾ? ಬಾ, ಗಾಡಿ ಅತ್ತು.”

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಆಗ ಎಲ್ಲರೂ ಬೆಳಗಿನ ಕೆಲಸಕ್ಕೆ ಬಯಲಿಗೇ ಹೋಗುತ್ತಿದ್ದ ಕಾಲ. ಚೊಂಬು ಹಿಡಿದು ಹೊರಟವನನ್ನು ಎಲ್ಲಿಗೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡಪ್ಪ ಚೊಂಬು ಹಿಡಿದರು. ಗಾಡಿಯವರು ಮರ್ಯಾದೆಯಿಂದ ಮುಖ ತಿರುಗಿಸಿಕೊಂಡು ಹೋದರು.

ಆದರೆ ಚೊಂಬು ಹಿಡಿದವನು ಮೈಲಿಗಟ್ಟಲೆ ಹೋಗುವುದುಂಟೆ? ಪಾಪ, ಹೊಟ್ಟೆ ತೀರಾ ಕೆಟ್ಟಿದೆ ಎಂದು ಊರು ತೀರ್ಮಾನಿಸಿತು. ಆಪಾದನೆ ಮೊಳಕೆಕಾಳಿನ ಮೇಲೆ ಬಂತು. ಮಾತು ಸಿಂಧಘಟ್ಟದವರೆಗೂ ಹೋಯಿತು. ಅಲ್ಲಿಯ ಹುಡುಗನಿಗೇ ದೊಡ್ಡಪ್ಪನ ಮಗಳನ್ನು, ಎಂದರೆ ನಮ್ಮ ಅಕ್ಕನನ್ನು, ಕೊಡುವುದೆಂದು ಮಾತಾಗಿತ್ತು. ಇದು ವಂಶದ ಕಾಯಿಲೆ ಇರಬಹುದೆಂದು ಹುಡುಗನ ತಂದೆ ಹಿಂದೇಟು ಹಾಕಿದರು. ಹುಡುಗನನ್ನು ಮೆಚ್ಚಿಕೊಂಡಿದ್ದ ಅಕ್ಕ ಊಟ ಬಿಟ್ಟಳು. “ಮದ್ವೆ ಮುಗಿಯೋಗಂಟ ಆ ಚೊಂಬ ಕೆಳಗಿಡಿ ಅಂದ್ರೆ!” ಎಂದು ದೊಡ್ಡಮ್ಮ ಅತ್ತರು. ದೊಡ್ಡಪ್ಪ ಕೇಳಲಿಲ್ಲ. ಆರೋಗ್ಯವಂತರ ಹಟಕ್ಕೆ ಮದ್ದಿಲ್ಲ.

ಆಗುವ ಬೀಗರು ತಾವೇ ಪರೀಕ್ಷೆಗೆ ಬಂದರು. ರಾತ್ರಿ ನಮ್ಮ ಮನೆಯಲ್ಲೇ ತಂಗಿ, ಬೆಳಿಗ್ಗೆ ದೊಡ್ಡಪ್ಪನ ಹಿಂದೆ ಕಳ್ಳಹೆಜ್ಜೆಯಲ್ಲಿ ಹೊರಟರು. ಕಬ್ಬಿನ ಗದ್ದೆ ದಾಟಿತು, ಪೊದೆಗಳೂ ದಾಟಿದವು, ಮುಂದಿನವರು ಕೂರುವ ಲಕ್ಷಣವೇ ಇಲ್ಲ. ಕೊನೆಗೆ ಬೀಗರೇ ತೂಬಿನ ಕಟ್ಟೆಯ ಮೇಲೆ ಕುಸಿದು ಏದುಸಿರು ಬಿಟ್ಟರು. ಸದ್ದು ಕೇಳಿ ಹಿಂತಿರುಗಿದ ದೊಡ್ಡಪ್ಪ ಚೊಂಬು ಮುಂದೆ ಹಿಡಿದರು. ಬೀಗರು ಒಮ್ಮೆ ನೀರನ್ನು, ಒಮ್ಮೆ ಚೊಂಬನ್ನು ನೋಡಿದರಂತೆ.

“ಕುಡೀರಿ, ಕಾಯ್ಸಿ ಆರ್ಸಿದ್ ನೀರು,” ಎಂದರು ದೊಡ್ಡಪ್ಪ.

ಬಾಯಾರಿಕೆ ಗೆದ್ದಿತು. ಬೀಗರು ಕುಡಿದು ಮೀಸೆ ಒರೆಸಿಕೊಂಡು, “ಕಾಯ್ಲೆ ನಿಮಗಲ್ಲ ಕಣ್ರಪ್ಪ, ನನಗೇಯ. ಲಗ್ನ ಕಟ್ಸಿ ಬುಡಿ,” ಎಂದರು.

ಅವರು ಸಿಂಧಘಟ್ಟದಲ್ಲೂ ಬೆಳಿಗ್ಗೆ ನಡೆಯಲು ಹಿಡಿದರು, ಚೊಂಬಿನ ಸಮೇತ. ಅದು ವ್ಯಾಯಾಮದ ಒಂದು ಅಂಗವೆಂದೇ ನಂಬಿದ್ದರು. ನಮ್ಮೂರಿನ ಹಿರಿಯರೂ ಒಬ್ಬೊಬ್ಬರಾಗಿ ಚೊಂಬು ಹಿಡಿದರು. ಮೊಳಕೆಕಾಳನ್ನು ಮಾತ್ರ ಇಂದಿಗೂ ಯಾರೂ ಮುಟ್ಟಿಲ್ಲ.

ಇವತ್ತು ಬೆಳಿಗ್ಗೆ ನಾನೂ ಆ ಚೊಂಬು ಹಿಡಿದು ನಾಲೆ ಏರಿ ಹತ್ತಿದೆ. ಈಗ ಎಲ್ಲರ ಮನೆಯಲ್ಲೂ ಕಕ್ಕಸು ಇದೆ, ಚೊಂಬಿಗೆ ಮುಖ ತಿರುಗಿಸುವವರು ಯಾರು, ಬೈಕು ನಿಂತೇ ನಿಲ್ಲುತ್ತದೆ ಎಂಬ ಆಸೆ ಒಳಗೊಳಗೇ ಇತ್ತು. ನಿಂತಿತು. ಡೇರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಬೀದಿಯ ಶಿವಣ್ಣ.

“ಅತ್ಕಳಿ ಅಣ್ಣ,” ಎಂದವನು ನನ್ನ ಕೈ ನೋಡಿ, “ಓ, ಚೊಂಬು! ವಾಕಿಂಗಾ? ಅಂಗಾದ್ರೆ ನಡೀರಿ, ನಡೀರಿ,” ಎಂದು ಹೊರಟೇಹೋದ.

ದೊಡ್ಡಪ್ಪನ ನೆನಪಾಗಿ ಕಣ್ಣು ತುಂಬಿತು. ಅವರ ಮೇಲೆ ಸಿಟ್ಟೂ ಬಂತು. ಇನ್ನೊಂದು ಗಾಡಿ ಬಂದೀತೆಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ನಡೆದೆ.